ಪಲೆಂಕೆಯ ಪಕಾಲ್ ದೊರೆಗೆ ಸಾಯುವಾಗ ನಲವತ್ತೋ, ಎಂಬತ್ತೋ?

ಪ್ರಶ್ನೆ:
ಮೆಕ್ಸಿಕೋದ ಚಿಯಾಪಾಸ್ ರಾಜ್ಯದಲ್ಲಿರುವ ಪಲೆಂಕೆ ಎಂಬ ಮಾಯಾ ನಗರದ ಬಗ್ಗೆ ಓದುತ್ತಿದ್ದೇನೆ. ಅಲ್ಲಿನ ಶಾಸನಗಳ ದೇಗುಲದ ಅಡಿಯಲ್ಲಿ ಪುರಾತತ್ತ್ವಜ್ಞ ಆಲ್ಬರ್ಟೊ ರೂಸ್ ಅವರಿಗೆ 1952ರಲ್ಲಿ ದೊರೆತ ಸಮಾಧಿ ಪಕಾಲ್ ದೊರೆಯದು ಎನ್ನುತ್ತಾರೆ. ಶಾಸನಗಳ ಪ್ರಕಾರ ಆತ 603ರಲ್ಲಿ ಹುಟ್ಟಿ, 615ರಲ್ಲಿ ಹನ್ನೆರಡು ವರ್ಷದ ಹುಡುಗನಾಗಿ ಪಟ್ಟಕ್ಕೆ ಬಂದು, 683ರಲ್ಲಿ ಎಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡ. ಆದರೆ ಮೂಳೆಗಳನ್ನು ಮೊದಲು ಪರೀಕ್ಷಿಸಿದವರು ಅವು ನಲವತ್ತು ದಾಟಿದ ನಡುವಯಸ್ಕನವು ಎಂದಿದ್ದರಂತೆ. ಯಾವುದನ್ನು ನಂಬಬೇಕು? ಅಲ್ಲಿ ಮಲಗಿದ್ದವನು ಬೇರೊಬ್ಬನಾಗಿರಬಹುದೇ?

ಉತ್ತರ 1:
ಶಾಸನದ ಲೆಕ್ಕವನ್ನು ನಾನು ಪೂರ್ತಿಯಾಗಿ ನಂಬುತ್ತೇನೆ. ಮಾಯಾ ಜನರ 260 ದಿನಗಳ ಮತ್ತು 365 ದಿನಗಳ ಪಂಚಾಂಗಗಳು ಒಟ್ಟಾಗಿ ಸುತ್ತಿ ಮೊದಲಿನ ಸ್ಥಾನಕ್ಕೆ ಮರಳಲು ಸುಮಾರು 52 ವರ್ಷ ಹಿಡಿಯುತ್ತದೆ. ಹೀಗಾಗಿ ದಿನದ ಹೆಸರನ್ನಷ್ಟೇ ನೋಡಿದರೆ ಅದು ಯಾವ ಸುತ್ತಿನದು ಎಂಬ ಅನುಮಾನ ಉಳಿಯುವುದು ನಿಜ. ರೂಸ್ ಅವರೇ ಎಂಬತ್ತು ವರ್ಷದ ಲೆಕ್ಕವನ್ನು ಒಪ್ಪಿರಲಿಲ್ಲ. ಆದರೆ ದೇಗುಲದ ಫಲಕಗಳನ್ನು ಬರೆಸಿದವರು ಆ ಅನುಮಾನಕ್ಕೆ ಎಡೆಯನ್ನೇ ಬಿಟ್ಟಿಲ್ಲ. ಪಕಾಲನ ಪಟ್ಟಾಭಿಷೇಕದ ದಿನವು ಎಂಬತ್ತನೆಯ ಬಾರಿ ಮರಳಿ ಬರುವುದು ಕ್ರಿ.ಶ. 4772ರಲ್ಲಿ, ಒಂದು ಮಹಾಯುಗ ಮುಗಿದ ಎಂಟು ದಿನಗಳ ಬಳಿಕ, ಎಂದು ಅವರು ಕೆತ್ತಿಸಿದ್ದಾರೆ. 80 ಸುತ್ತುಗಳನ್ನು, ಅಂದರೆ 15,18,400 ದಿನಗಳನ್ನು, ಹಿಂದಕ್ಕೆ ಎಣಿಸಿದರೆ ನೇರವಾಗಿ 615ಕ್ಕೆ ಬಂದು ನಿಲ್ಲುತ್ತೇವೆ. ತಮ್ಮ ದೊರೆಯ ನೆನಪು ನಾಲ್ಕು ಸಾವಿರ ವರ್ಷಗಳ ಆಚೆಗೂ ಉಳಿಯಬೇಕೆಂದು ಬಯಸಿದ ಆ ಲಿಪಿಕಾರರ ಧೈರ್ಯ ನನ್ನನ್ನು ಪ್ರತಿ ಬಾರಿಯೂ ಬೆರಗುಗೊಳಿಸುತ್ತದೆ.

ಉತ್ತರ 2:
ಮೂಳೆಗಳ ಕಡೆಯಿಂದಲೂ ಒಂದು ಮಾತು ಹೇಳಬೇಕು. ಮಕ್ಕಳ ವಯಸ್ಸನ್ನು ಹಲ್ಲು ಮೂಡುವ ಕ್ರಮದಿಂದ ಸಾಕಷ್ಟು ನಿಖರವಾಗಿ ಹೇಳಬಹುದು. ವಯಸ್ಕರ ವಿಷಯದಲ್ಲಿ ಸವೆತವನ್ನು ನೋಡಿ ಅಂದಾಜು ಮಾಡಬೇಕಾಗುತ್ತದೆ, ಮತ್ತು ಹಳೆಯ ವಿಧಾನಗಳು ವೃದ್ಧರನ್ನು ನಡುವಯಸ್ಕರೆಂದು ತೋರಿಸುವುದು ಸಾಮಾನ್ಯ. ಪಕಾಲನ ಹಲ್ಲುಗಳು ಹೆಚ್ಚು ಸವೆದಿರಲಿಲ್ಲ ಎಂಬುದೂ ಮೊದಲಿನ ತೀರ್ಮಾನಕ್ಕೆ ಕಾರಣವಾಗಿತ್ತು. ಆದರೆ ಬೀಸುವ ಕಲ್ಲಿನ ಪುಡಿ ಬೆರೆತ ಒರಟು ಆಹಾರವನ್ನು ತಿನ್ನುವ ರೈತನ ಹಲ್ಲು ಸವೆದಂತೆ, ಮೆತ್ತನೆಯ ಊಟ ಮಾಡುವ ಅರಸನ ಹಲ್ಲು ಸವೆಯಬೇಕಿಲ್ಲ. ವೆರಾ ಟೀಸ್ಲರ್ ಮತ್ತು ಆಂಡ್ರಿಯಾ ಕುಚಿನಾ ಅವರ ನೇತೃತ್ವದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಮರುಪರೀಕ್ಷೆಯು ಮೂಳೆಗಳ ಸೂಕ್ಷ್ಮರಚನೆಯನ್ನೂ ನೋಡಿ, ಇಳಿವಯಸ್ಸಿನ ಕಡೆಗೇ ವಾಲಿತು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಆದರೂ ಒಂದು ಸಂಶಯ ಉಳಿಯಿತು: ಪಕಾಲನಿಗಾಗಿ ಕಟ್ಟಿದ ಸಮಾಧಿಯಲ್ಲಿ ಆಮೇಲೆ ಬೇರೊಬ್ಬನನ್ನು ತಂದು ಇಟ್ಟಿರಲು ಸಾಧ್ಯವಿಲ್ಲವೇ?

ಉತ್ತರ 3:
ಕಟ್ಟಡವೇ ಅದಕ್ಕೆ ಅಡ್ಡ ನಿಲ್ಲುತ್ತದೆ. ಕಲ್ಲಿನ ಶವಪೆಟ್ಟಿಗೆಯು ಮೆಟ್ಟಿಲದಾರಿಯಲ್ಲಿ ಹಿಡಿಸದಷ್ಟು ದೊಡ್ಡದು. ಆದ್ದರಿಂದ ಅದನ್ನು ಮೊದಲು ಇರಿಸಿ, ಪಿರಮಿಡ್ಡನ್ನು ಅದರ ಸುತ್ತಲೂ ಮೇಲೆಯೂ ಕಟ್ಟಿದರು. ಮುಚ್ಚಳದ ಅಂಚಿನಲ್ಲಿ ಪಕಾಲನ ಹುಟ್ಟು ಮತ್ತು ಸಾವಿನ ದಿನಗಳಿವೆ. ಪೆಟ್ಟಿಗೆಯ ಪಕ್ಕಗಳಲ್ಲಿ ಆತನ ಪೂರ್ವಿಕರು, ತಾಯಿ ಸಾಕ್ ಕುಕ್ ಸಹಿತ, ಕೋಕೋ, ಬೆಣ್ಣೆಹಣ್ಣು, ಸೀಬೆ ಮುಂತಾದ ಹಣ್ಣಿನ ಮರಗಳೊಂದಿಗೆ ನೆಲದಿಂದ ಚಿಗುರಿ ಬರುತ್ತಿರುವಂತೆ ಕೆತ್ತಲಾಗಿದೆ. ಹಸಿರುಕಲ್ಲಿನ ಮುಖವಾಡ ತೊಡಿಸಿ ಸಂಸ್ಕಾರ ಮುಗಿಸಿದ ಮೇಲೆ, ಇಳಿದು ಹೋಗುವ ದಾರಿಯನ್ನು ಕಲ್ಲುಮಣ್ಣಿನಿಂದ ಇಡಿಯಾಗಿ ತುಂಬಿದರು. ರೂಸ್ ಅವರ ತಂಡಕ್ಕೆ ಅದನ್ನು ತೆಗೆಯಲು ನಾಲ್ಕು ಉತ್ಖನನ ಋತುಗಳೇ ಬೇಕಾದವು. ಇಷ್ಟು ಬಿಗಿಯಾಗಿ ಮುಚ್ಚಿದವರೂ ಒಂದು ದಾರಿಯನ್ನು ಮಾತ್ರ ತೆರೆದಿಟ್ಟರು: ಸಮಾಧಿಯ ಕೋಣೆಯಿಂದ ಮೆಟ್ಟಿಲುಗಳ ಪಕ್ಕದಲ್ಲೇ ಸಾಗಿ ಮೇಲಿನ ದೇಗುಲದ ನೆಲದವರೆಗೆ ಬರುವ ಸಣ್ಣ ಕಲ್ಲಿನ ಕೊಳವೆ. ಸತ್ತ ದೊರೆಯ ಉಸಿರು ಮತ್ತು ಬದುಕಿರುವವರ ಮಾತು ಅದರ ಮೂಲಕ ಓಡಾಡಲಿ ಎಂಬುದು ಅದರ ಉದ್ದೇಶವೆಂದು ವಿದ್ವಾಂಸರು ಅರ್ಥೈಸುತ್ತಾರೆ. ಯಾರೋ ಅಪರಿಚಿತನಿಗಾಗಿ ಮಗ ಕಾನ್ ಬಲಾಮ್ ಇಷ್ಟೆಲ್ಲ ಮಾಡಿಸಿದನೆಂದು ನನಗೆ ನಂಬಲಾಗದು.