ನೀರು ತಾಗಿದರೆ ಲೇತ್ ಹೋಯ್ತಾ? ನಮ್ಮ ಮನೆ ಗುಂಪಿನ ಚರ್ಚೆ

ಚಿಕ್ಕಪ್ಪ (ಫಾರ್ವರ್ಡ್): ಎಚ್ಚರ!! ಮನೆಯಲ್ಲಿ ಲೇತ್, ಮಿಲ್ಲಿಂಗ್ ಮಷೀನ್ ಥರದ ಲೋಹ ಕತ್ತರಿಸುವ ಯಂತ್ರ ಇಟ್ಟವರು ಓದಿ. ಕತ್ತರಿಸುವಾಗ ತಂಪಿಗೆ ಸುರಿಯುವ, ನೀರಿಗೆ ಬೆರೆಸುವ ಕೂಲೆಂಟ್ ಹಾಕಿದರೆ ಒಂದೇ ವರ್ಷದಲ್ಲಿ ಮಷೀನ್ ಪೂರ್ತಿ ತುಕ್ಕು. ಎಲ್ಲರಿಗೂ ಕಳಿಸಿ.

ಚಿಕ್ಕಪ್ಪ: ನಾನು ಮೊದಲಿಂದಲೂ ಹೇಳ್ತಾ ಬಂದಿದ್ದೇನೆ. ಯಾರು ಕೇಳ್ತೀರಿ?

ಅಕ್ಕ: ಇದನ್ನು ಬರೆದದ್ದು ಯಾರು ಚಿಕ್ಕಪ್ಪ? ಯಾವ ಕೂಲೆಂಟ್, ಎಷ್ಟು ಬೆರೆಸಿದ್ದು, ಏನೂ ಇಲ್ಲ.

ಚಿಕ್ಕಪ್ಪ: ತಿಳಿದವರೇ ಬರೆದಿರುತ್ತಾರೆ. ನೀರು ತಾಗಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಅದಕ್ಕೂ ಸಾಕ್ಷಿ ಬೇಕಾ?

ಅಕ್ಕ: ಬರೀ ನೀರಿಗೆ ಹಿಡಿಯುತ್ತದೆ. ಕೂಲೆಂಟ್ ಮಾಡಲು ನೀರಿಗೆ ಬೆರೆಸುವ ಸಾಲ್ಯುಬಲ್ ಆಯಿಲ್‌ನಲ್ಲಿ ತುಕ್ಕು ತಡೆಯುವ ಅಂಶ ಸೇರಿಸಿಯೇ ಇರುತ್ತಾರೆ. ಸಾಮಾನ್ಯವಾಗಿ ನೂರಕ್ಕೆ 5ರಿಂದ 10 ಭಾಗ ಬೆರೆಸಬೇಕು. ಎಣ್ಣೆ ಉಳಿಸೋಣ ಅಂತ ನೀರು ಜಾಸ್ತಿ ಸುರಿದರೆ ತುಕ್ಕು ಬಂದೇ ಬರುತ್ತದೆ. ಬೆರೆಸುವಾಗಲೂ ನೀರಿಗೆ ಎಣ್ಣೆ ಹಾಕಬೇಕು, ಎಣ್ಣೆಗೆ ನೀರಲ್ಲ. ಗಡಸು ನೀರಾದರೆ ಮಿಶ್ರಣ ಒಡೆದು ಮೇಲೆ ಕೆನೆ ಕಟ್ಟುತ್ತದೆ.

ದೊಡ್ಡಪ್ಪ: ಒರೆಸುವ ಅಭ್ಯಾಸ ಇಲ್ಲದವರ ಕೈಗೆ ಯಾವ ಎಣ್ಣೆ ಕೊಟ್ಟರೂ ಅಷ್ಟೇ. ನಮ್ಮ ಅಪ್ಪ ಲೇತ್ ತಳದ ಬೆಡ್ ಒರೆಸಿ ಎಣ್ಣೆ ಸವರದೆ ಒಂದು ದಿನವೂ ಶೆಡ್ ಬಾಗಿಲು ಹಾಕಿದವರಲ್ಲ. ಈಗಿನವರಿಗೆ ತಾಳ್ಮೆಯೇ ಇಲ್ಲ.

ಕಿಟ್ಟಿ: ತಾತನ ಶೆಡ್! ಹಾಲಿನ ಹಾಗೆ ಬೆಳ್ಳಗೆ ಸುರಿಯುತ್ತಿದ್ದ ಕೂಲೆಂಟ್. ನೀಲಿ ಬಣ್ಣಕ್ಕೆ ತಿರುಗಿದ ಸ್ಟೀಲ್ ಸುರುಳಿಗಳಿಗೆ ನಾವೆಲ್ಲ ಕಿತ್ತಾಡುತ್ತಿದ್ದೆವು. ರಜೆ ಮುಗಿಸಿ ಬಾಗಿಲು ತೆಗೆದಾಗ ಬರುತ್ತಿದ್ದ ಆ ವಾಸನೆ ನೆನಪಿದೆಯಾ?

ಅಕ್ಕ: ಅದು ಕೂಲೆಂಟ್ ಕೊಳೆತ ವಾಸನೆ ಕಿಟ್ಟಿ. ಮಷೀನ್‌ನ ಜಾರುವ ಭಾಗ, ಅಂದರೆ ಸ್ಲೈಡ್‌ಗೆ ಹಾಕಿದ ಎಣ್ಣೆ ಕೂಲೆಂಟ್ ತೊಟ್ಟಿಗೆ ಇಳಿದು ಮೇಲೆ ಪದರ ಕಟ್ಟುತ್ತದೆ. ಒಳಗೆ ಗಾಳಿಯಾಡಲ್ಲ, ಬ್ಯಾಕ್ಟೀರಿಯಾ ಬೆಳೆಯುತ್ತವೆ. 9ರ ಆಸುಪಾಸಿನಲ್ಲಿರಬೇಕಾದ ಪಿಎಚ್ (ಆಮ್ಲ-ಕ್ಷಾರದ ಅಳತೆ) ಇಳಿಯುತ್ತದೆ. ತುಕ್ಕು ಶುರುವಾಗುವುದು ಆಗ. ಪದರ ತೆಗೆಯುತ್ತಾ ಇರಬೇಕು.

ಕಿಟ್ಟಿ: ನೆನಪಿನಲ್ಲೂ ಹುಳುಕು ಹುಡುಕ್ತೀಯಲ್ಲ ಅಕ್ಕ.

ಚಿಕ್ಕಪ್ಪ: ನೋಡಿ, ತುಕ್ಕು ಬರುತ್ತದೆ ಅಂತ ಅವಳೇ ಒಪ್ಪಿದಳು! ಹೋದ ಸಲ ನನ್ನ ಮಿಲ್ಲಿಂಗ್ ಮಷೀನ್ ಬಳಸಿದ್ದು ಯಾರು ಕಿಟ್ಟಿ? ಕತ್ತರಿಸುವ ತುಂಡನ್ನು ಬಿಗಿಹಿಡಿಯುವ ವೈಸ್ ಎತ್ತಿದರೆ ಟೇಬಲ್ ಮೇಲೆ ಅದರದೇ ಆಕಾರದ ಕೆಂಪು ಕಲೆ. ಟೇಬಲ್ಲಿನ ಕಾಲುವೆಯಂಥ ಟಿ-ಸ್ಲಾಟ್‌ ಒಳಗೂ ಇಳಿದಿತ್ತು.

ಕಿಟ್ಟಿ: ಮತ್ತೆ ಅದೇ ಕಥೆ. ಮೇಲೆಲ್ಲ ಒರೆಸಿಯೇ ಹೋಗಿದ್ದೆ ಮಾವ.

ಚಿಕ್ಕಪ್ಪ: ಮೇಲೆ!

ಅಕ್ಕ: ವೈಸ್ ಅಡಿ ಸಿಕ್ಕಿಕೊಂಡ ಕೂಲೆಂಟ್ ಆರುವುದಿಲ್ಲ. ಮಷೀನ್ ದಿನಗಟ್ಟಲೆ ನಿಲ್ಲುವುದಾದರೆ ವೈಸ್ ಎತ್ತಿ, ಒರೆಸಿ, ಎಣ್ಣೆ ಹಚ್ಚಿಡಬೇಕು. ಅಪರೂಪಕ್ಕೆ ಓಡಿಸುವವರಿಗೆ ತೊಟ್ಟಿ ತುಂಬ ಕೂಲೆಂಟೇ ಬೇಡ ಅಂತೀನಿ. ಕಟಿಂಗ್ ಆಯಿಲ್ ಬ್ರಷ್‌ನಲ್ಲಿ ಹಚ್ಚಿದರೆ ಸಾಕು. ಕಾಸ್ಟ್ ಐರನ್ (ಎರಕದ ಕಬ್ಬಿಣ) ಅಂತೂ ಏನೂ ಹಾಕದೆ ಕತ್ತರಿಸಿ. ಅದರ ಪುಡಿ ಕೂಲೆಂಟ್ ಸೇರಿದರೆ ಸ್ಲೈಡ್ ಸವೆಸುವ ಕೆಸರಾಗುತ್ತದೆ.

ಚಿಕ್ಕಪ್ಪ: ಅದಕ್ಕೇ ನಾನು ಪ್ಲಾಸ್ಟಿಕ್ ಹೊದಿಸಿ ಬಿಗಿಯಾಗಿ ಕಟ್ಟಿಟ್ಟಿದ್ದೇನೆ.

ಅಕ್ಕ: ಅಯ್ಯೋ, ಬಿಚ್ಚಿ! ತಣ್ಣಗಿರುವ ಕಬ್ಬಿಣದ ಮೇಲೆ ಗಾಳಿಯ ತೇವ ಹನಿಗಟ್ಟಿ ಒಳಗೇ ಉಳಿಯುತ್ತದೆ. ಎಣ್ಣೆ ಸವರಿ ಬಟ್ಟೆ ಹೊದಿಸಿ.

ದೊಡ್ಡಪ್ಪ: ಬೇರೆಯವರ ಸಾಮಾನು ತಂದರೆ ತಂದ ಹಾಗೇ ವಾಪಸ್ ಕೊಡಬೇಕು. ಕಿಟ್ಟಿಗೆ ಮಾತ್ರ ಅಲ್ಲ ಈ ಮಾತು. ನನ್ನ ಮೈಕ್ರೋಮೀಟರ್ ಎಲ್ಲಿ?

ಚಿಕ್ಕಪ್ಪ: ಅಣ್ಣ, ಅದನ್ನು ನೀವೇ ತಗೊಂಡು ಹೋಗಿದ್ದೀರಿ. ಅತ್ತಿಗೆಯನ್ನು ಕೇಳಿ.