ಆರ್‌ವಿ ಪ್ರವಾಸ: ಗ್ಯಾಸ್ ಬಗ್ಗೆ ಏನೇನು ಜಾಗ್ರತೆ ಮಾಡಿದಿರಿ?

ನ್ಯೂಜೆರ್ಸಿಯಿಂದ:
ಜೂನ್‌ನಲ್ಲಿ ಅಪ್ಪ, ಅಮ್ಮ ಊರಿಂದ ಬರುತ್ತಿದ್ದಾರೆ. ಆರ್‌ವಿ (ಅಡುಗೆಮನೆ, ಹಾಸಿಗೆ ಎಲ್ಲ ಇರುವ ಮನೆಯಂಥ ಗಾಡಿ) ಬಾಡಿಗೆಗೆ ತಗೊಂಡು ಐದು ದಿನ ವರ್ಜೀನಿಯಾದ ಶೆನಂಡೋವಾ ಕಡೆ ಹೋಗಿಬರುವ ಆಸೆ. ಅದರಲ್ಲಿ ಒಲೆ, ಫ್ರಿಜ್, ಬಿಸಿನೀರು ಎಲ್ಲವೂ ಪ್ರೊಪೇನ್ ಗ್ಯಾಸ್‌ನಲ್ಲೇ ನಡೆಯುವುದು. ಗಾಡಿ ಓಡುವಾಗಲೂ ಫ್ರಿಜ್ ಗ್ಯಾಸ್‌ನಲ್ಲೇ ಇರಲಿ ಅಂತ ಕೆಲವರು, ಬೇಡವೇ ಬೇಡ ಅಂತ ಕೆಲವರು. ಹೋಗಿಬಂದವರು ದಯವಿಟ್ಟು ಹೇಳಿ.

ಡೆನ್ವರ್‌ನಿಂದ:
ಬೇಡ ಅನ್ನುವವರ ಕಡೆ ನಾನು. ಯೆಲ್ಲೊಸ್ಟೋನ್‌ಗೆ ಹೋದಾಗ ಪ್ರತಿ ಸಲ ಹೊರಡುವ ಮುಂಚೆ ಹೊರಗಿನ ಟ್ಯಾಂಕಿನ ವಾಲ್ವ್ ತಿರುಗಿಸಿ ಮುಚ್ಚುತ್ತಿದ್ದೆವು. ಪದೇ ಪದೇ ಬಾಗಿಲು ತೆಗೆಯದಿದ್ದರೆ ಫ್ರಿಜ್ ನಾಲ್ಕೈದು ಗಂಟೆ ತಣ್ಣಗೇ ಇರುತ್ತಿತ್ತು, ಮೊಸರು ಸಹ ಹುಳಿಯಾಗಲಿಲ್ಲ. ಗ್ಯಾಸ್ ತೆರೆದೇ ಇದ್ದರೆ ಫ್ರಿಜ್, ವಾಟರ್ ಹೀಟರ್ ಎರಡೂ ತಮ್ಮಷ್ಟಕ್ಕೆ ಕಿಡಿ ಹೊತ್ತಿಸಿಕೊಳ್ಳುತ್ತವೆ. ನೀವು ಬಂಕ್‌ನಲ್ಲಿ ಪೆಟ್ರೋಲ್ ಹಾಕುತ್ತಿರುವಾಗ ಅದೇ ಗಾಡಿಯ ಇನ್ನೊಂದು ಪಕ್ಕದಲ್ಲಿ ಉರಿ ಇರುವುದು ಎಷ್ಟು ಅಪಾಯ ಯೋಚಿಸಿ.

ನಮಗೆ ಆದದ್ದು ಹೇಳುತ್ತೇನೆ. ಮೂರನೇ ದಿನ ಸಂಜೆ ಕ್ಯಾಂಪ್ ತಲುಪಿ ವಾಲ್ವ್ ತೆರೆದೆ. ದಾರಿಯಲ್ಲಿ ಯಾವುದೋ ಬ್ಯಾಗ್ ತಾಗಿ ಒಲೆಯ ಒಂದು ಗುಬುಟು ತಿರುಗಿತ್ತು, ನೋಡಿರಲಿಲ್ಲ. ನಿಂತಿದ್ದ ನಮಗೆ ಏನೂ ಗೊತ್ತಾಗಲಿಲ್ಲ. ಕೆಳಗೆ ಕೂತು ಚೀಲ ಬಿಚ್ಚುತ್ತಿದ್ದ ಅಮ್ಮ, "ಯಾಕೋ ಗ್ಯಾಸ್ ವಾಸನೆ ಕಣೋ" ಅಂದರು. ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ನೆಲಕ್ಕೆ ಇಳಿದು ನಿಲ್ಲುತ್ತದೆ. ಅದಕ್ಕೇ ಗ್ಯಾಸ್ ಸೋರಿದರೆ ಕೂಗುವ ಡಿಟೆಕ್ಟರ್ ಕೂಡ ನೆಲದ ಹತ್ತಿರ ಇರುತ್ತದೆ. ನಾವು ಅದರ ಮುಂದೆಯೇ ಎರಡು ಸೂಟ್‌ಕೇಸ್ ಒತ್ತಿ ಇಟ್ಟಿದ್ದೆವು! ಅದು ಕೂಗುವ ಮೊದಲೇ ಅಮ್ಮನ ಮೂಗು ಹೇಳಿತು.

ಲೈಟಿನ ಸ್ವಿಚ್ ಮುಟ್ಟಲಿಲ್ಲ, ಫೋನ್ ತೆಗೆಯಲಿಲ್ಲ. ಬಾಗಿಲು ತೆರೆದಿಟ್ಟು ಎಲ್ಲರೂ ಇಳಿದೆವು, ನಾನು ಹೊರಗಿನಿಂದ ವಾಲ್ವ್ ಮುಚ್ಚಿದೆ. ಊರಲ್ಲಿ ಸಿಲಿಂಡರ್ ವಾಸನೆ ಬಂದರೆ ಮಾಡುವುದೂ ಇದನ್ನೇ ಅಲ್ವಾ? ವಾಸನೆ ಪೂರ್ತಿ ಹೋಗುವ ತನಕ ಯಾರನ್ನೂ ಒಳಗೆ ಬಿಡಲಿಲ್ಲ. ಆಮೇಲಿಂದ ಗುಬುಟುಗಳನ್ನೆಲ್ಲ ಮುಟ್ಟಿ ನೋಡದೆ ವಾಲ್ವ್ ತೆರೆದಿಲ್ಲ. ನಿಮ್ಮ ಅಪ್ಪ, ಅಮ್ಮನಿಗೂ ವಾಲ್ವ್ ಎಲ್ಲಿದೆ, ಯಾವ ಕಡೆ ತಿರುಗಿಸಬೇಕು ಅಂತ ಮೊದಲ ದಿನವೇ ತೋರಿಸಿಬಿಡಿ.

ಮೇರಿಲ್ಯಾಂಡ್‌ನಿಂದ:
ದಾರಿಯ ವಿಷಯ ಯಾರೂ ಹೇಳಿಲ್ಲ. ಬಾಲ್ಟಿಮೋರ್‌ನ ಎರಡು ಸುರಂಗಗಳಿಗೆ, ಅಂದರೆ 95ನೇ ಹೆದ್ದಾರಿಯ ಫೋರ್ಟ್ ಮೆಕ್‌ಹೆನ್ರಿ ಮತ್ತು 895ರ ಹಾರ್ಬರ್ ಟನಲ್‌ಗೆ, ಪ್ರೊಪೇನ್ ಟ್ಯಾಂಕ್ ಇರುವ ಆರ್‌ವಿ ತರುವಂತಿಲ್ಲ. ಮೊದಲು ಕೀ ಬ್ರಿಡ್ಜ್ ಮೇಲೆ ದಾಟುತ್ತಿದ್ದೆವು. ಅದು 2024ರ ಮಾರ್ಚ್‌ನಲ್ಲಿ ಹಡಗು ಬಡಿದು ಕುಸಿಯಿತು. ಈಗ 695ರಲ್ಲಿ ಊರಿನ ಪಶ್ಚಿಮದಿಂದ ಸುತ್ತಿಕೊಂಡು ಹೋಗಬೇಕು. ಫೋನಿನ ಮ್ಯಾಪ್ ಸುಮ್ನೆ ಸುರಂಗಕ್ಕೇ ಕಳಿಸುತ್ತದೆ. ನಿಮ್ಮ ಮನೆ ಉತ್ತರ ಜೆರ್ಸಿಯಲ್ಲಿದ್ದರೆ 78 ಹಿಡಿದು 81ಕ್ಕೆ ಸೇರಿ, ಬಾಲ್ಟಿಮೋರ್ ಬರುವುದೇ ಇಲ್ಲ.

ಶಿಕಾಗೋದಿಂದ:
ರಾತ್ರಿ ಚಳಿ ಅಂತ ಒಲೆ ಹಚ್ಚಿಟ್ಟು ಮಲಗಬೇಡಿ. ನಮ್ಮ ಜೊತೆ ಬಂದಿದ್ದ ಒಂದು ಕುಟುಂಬ ಒಂದು ಗಂಟೆ ಹಾಗೆ ಮಾಡಿ, ಎಲ್ಲರಿಗೂ ತಲೆನೋವು, ವಾಂತಿ. ಮುಚ್ಚಿದ ಗಾಡಿಯಲ್ಲಿ ಒಲೆ ಉರಿದರೆ ತುಂಬಿಕೊಳ್ಳುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಅಮ್ಮನ ಮೂಗಿಗೂ ಸಿಗುವುದಿಲ್ಲ. ಒಗ್ಗರಣೆ ಹಾಕುವಾಗಲೂ ಛಾವಣಿಯ ಫ್ಯಾನ್ ಹಾಕಿ, ಒಂದು ಕಿಟಕಿ ತೆರೆದಿಡಿ. ಹೊಗೆಗೆ ಅಲಾರಂ ಕೂಗಿತು ಅಂತ ಬ್ಯಾಟರಿ ಕಿತ್ತಿಡುವವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಡಿಟೆಕ್ಟರ್‌ಗಳಿಗೂ ಆಯಸ್ಸು ಇರುತ್ತದೆ, ಅದರ ಮೇಲಿನ ದಿನಾಂಕ ನೋಡಿ. ಪೈಪ್ ಜಾಯಿಂಟ್ ಬಗ್ಗೆ ಅನುಮಾನ ಬಂದರೆ ಸೋಪಿನ ನೀರು ಸವರಿ, ಗುಳ್ಳೆ ಎದ್ದರೆ ಲೀಕ್.

ನ್ಯೂಜೆರ್ಸಿಯಿಂದ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. 78, 81ರ ದಾರಿಯೇ ಹಿಡಿಯುತ್ತೇವೆ. ಡಿಟೆಕ್ಟರ್ ದಿನಾಂಕದ ಫೋಟೋ ಕಳಿಸಿ ಅಂತ ಗಾಡಿ ಕೊಡುವವರಿಗೆ ಈಗಷ್ಟೇ ಬರೆದೆ.