ರಿಮೋಟ್ ಮಾನಿಟರಿಂಗ್‌ಗೆ ಕನ್ನಡ ಪದ ಬೇಕು (ತುರ್ತು)

ಪ್ರಶ್ನೆ:
ಹಾಸಿಗೆ ಹಿಡಿದವರನ್ನು ಮನೆಯಲ್ಲೇ ನೋಡಿಕೊಳ್ಳುವವರಿಗಾಗಿ ಒಂದು ಉಪಕರಣದ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹಾಸಿಗೆಯಡಿಯ ಸೆನ್ಸರ್ ಪಟ್ಟಿ ಉಸಿರಾಟವನ್ನೂ ರೋಗಿ ಮಗ್ಗುಲು ಬದಲಿಸಿದ್ದನ್ನೂ ಗುರುತಿಸುತ್ತದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ನಾಡಿಬಡಿತ ಮತ್ತು ರಕ್ತದ ಆಮ್ಲಜನಕ ತೋರಿಸುತ್ತದೆ. ಎರಡೂ ದೂರದಲ್ಲಿರುವ ನರ್ಸ್ ಪರದೆಗೆ ಹೋಗುತ್ತವೆ. ‘ರಿಮೋಟ್ ಮಾನಿಟರಿಂಗ್’, ‘ಬೆಡ್‌ರಿಡನ್’, ‘ಅಲಾರಂ ಮ್ಯೂಟ್’ ಇವಕ್ಕೆ ಪದ ಬೇಕು. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ‘ಶಯ್ಯಾಗ್ರಸ್ತ’, ‘ದೂರಸ್ಥ ಮೇಲ್ವಿಚಾರಣೆ’ ಎಂದು ಬರೆದಿಟ್ಟಿದ್ದೇನೆ, ಮನಸ್ಸು ಒಪ್ಪುತ್ತಿಲ್ಲ.

ಉತ್ತರ 1:
ಶಯ್ಯಾಗ್ರಸ್ತ ಬೇಡವೇ ಬೇಡ. ಗ್ರಸ್ತ ಎಂದರೆ ನುಂಗಲ್ಪಟ್ಟದ್ದು, ಗ್ರಹಣಕ್ಕೆ ಸಿಕ್ಕ ಚಂದ್ರನಂತೆ. ಕನ್ನಡದಲ್ಲಿ ರೋಗಿಯೇ ಹಾಸಿಗೆ ಹಿಡಿಯುತ್ತಾನೆ. ತಾವೇ ಮೊದಲ ಸಾಲಿನಲ್ಲಿ ಸರಿಯಾಗಿ ಬರೆದು, ಆಮೇಲೆ ಹುಡುಕಲು ಹೊರಟಿದ್ದೀರಿ. ಇನ್ನು ಆರೈಕೆ. ಇದರ ಬುಡ ‘ಆರಯ್’. ಹುಡುಕು, ವಿಚಾರಿಸು, ಪೋಷಿಸು ಎಲ್ಲವೂ ಅದರ ಅರ್ಥಗಳೇ. ತಮಿಳಿನಲ್ಲಿ ಅದೇ ಧಾತುವಿನಿಂದ ಸಂಶೋಧನೆಗೆ ‘ಆರಾಯ್ಚ್ಚಿ’ ಬಂದಿದೆ. ಗಮನಿಸುವುದು, ಸಲಹುವುದು ಎರಡೂ ಒಂದೇ ಪದದಲ್ಲಿರುವಾಗ ‘ದೂರದ ಆರೈಕೆ’ ಎಂದರೆ ಮುಗಿಯಿತು.

ಉತ್ತರ 2:
ಮುಗಿಯಲಿಲ್ಲ. ‘ದೂರ’ ಸಂಸ್ಕೃತ. ಹಳಗನ್ನಡದಲ್ಲಿ ‘ಗೆಂಟು’ ಇದೆ. ಕಾವಲಿಗೆ ‘ಕಾಪು’ ಇದೆ. ಗೆಂಟುಗಾಪು ಎನ್ನಿ.

ಉತ್ತರ 3:
ರಾತ್ರಿ ಎರಡಕ್ಕೆ ಆಮ್ಲಜನಕ ಇಳಿದಿದೆ ಎಂದು ಯಂತ್ರ ಕೂಗುತ್ತಿರುವಾಗ ಗೆಂಟುಗಾಪಿನ ಅರ್ಥ ಹೇಳಲು ಯಾರು ಬರುತ್ತಾರೆ? ಆರೈಕೆಯೂ ಇಲ್ಲಿ ಸಲ್ಲದು. ಮಗ್ಗುಲು ಬದಲಿಸುವುದು, ಹಾಸಿಗೆ ಹುಣ್ಣು ಒರೆಸುವುದು ಆರೈಕೆ. ಯಂತ್ರ ಅದನ್ನು ಮಾಡುವುದಿಲ್ಲ, ಮಾಡುವವರಿಗೆ ಸುದ್ದಿ ಮುಟ್ಟಿಸುತ್ತದೆ ಅಷ್ಟೇ. ಅದನ್ನು ಮರೆಸುವ ಪದ ಅಪಾಯಕಾರಿ. ‘ಕಣ್ಗಾವಲು’ ಪೊಲೀಸರಿಗಿರಲಿ. ‘ತೀವ್ರ ನಿಗಾ ಘಟಕ’ ಎಂದು ಪತ್ರಿಕೆಗಳು ಬರೆಯುತ್ತಲೇ ಇವೆ, ಓದುಗರಿಗೆ ‘ನಿಗಾ’ ಗೊತ್ತು. ‘ದೂರನಿಗಾ’ ಸಾಕು.

ಉತ್ತರ 2 ಬರೆದವರು:
ಸಂಸ್ಕೃತಕ್ಕೆ ಪಾರಸಿ ಅಂಟಿಸುವುದು. ಅರಿಸಮಾಸ ಎಂಬ ಮಾತನ್ನಾದರೂ ಕೇಳಿದ್ದೀರಾ?

ಉತ್ತರ 3 ಬರೆದವರು:
ಕೇಳಿದ್ದೇನೆ. ಅದು ಸಂಸ್ಕೃತ, ಕನ್ನಡ ಪದಗಳ ಸಲ್ಲದ ಬೆಸುಗೆಗೆ ಹೇಳಿದ ಮಾತು. ಬಿರುದಾವಳಿಗೆ ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜನೇ ವಿನಾಯಿತಿ ಕೊಟ್ಟಿದ್ದಾನೆ. ರೋಗಿ, ಔಷಧ, ಆಸ್ಪತ್ರೆ, ದವಾಖಾನೆ, ನರ್ಸ್ ಎಲ್ಲವೂ ಹೊರಗಿನವು. ಹೊರಗಿನದನ್ನೆಲ್ಲ ತೆಗೆದರೆ ಈ ಕೈಪಿಡಿಯಲ್ಲಿ ಹಾಸಿಗೆಯೊಂದೇ ಉಳಿಯುತ್ತದೆ.

ಪ್ರಶ್ನೆ ಕೇಳಿದವರು:
‘ಅಲಾರಂ ಮ್ಯೂಟ್’ ಗುಂಡಿಯ ಮೇಲೆ ಏನು ಬರೆಯಲಿ ಎಂಬುದನ್ನು ಯಾರೂ ಹೇಳಲಿಲ್ಲ. ‘ಎಚ್ಚರಿಕೆ ನಿಲ್ಲಿಸಿ’ ಎಂದರೆ ಆಗುತ್ತದೆಯೇ?

ಉತ್ತರ 3 ಬರೆದವರು:
ಖಂಡಿತ ಬೇಡ. ಆ ಗುಂಡಿ ಸದ್ದನ್ನು ಸ್ವಲ್ಪ ಹೊತ್ತು ತಡೆಯುತ್ತದೆಯೋ, ಎಚ್ಚರಿಕೆಯನ್ನೇ ಪೂರ್ತಿ ಆರಿಸುತ್ತದೆಯೋ ಮೊದಲು ನೋಡಿ. ವೈದ್ಯಕೀಯ ಉಪಕರಣಗಳ ಚಿಹ್ನೆಗಳಲ್ಲಿ ಗಂಟೆಯ ಮೇಲಿನ ಕತ್ತರಿಗುರುತು ತುಂಡುಗೆರೆಯದಾದರೆ ತಾತ್ಕಾಲಿಕ, ಪೂರ್ಣಗೆರೆಯದಾದರೆ ಹಾಗಲ್ಲ. ತಾತ್ಕಾಲಿಕವಾದರೆ ‘ಸದ್ದು ತಡೆಹಿಡಿ’ ಎಂದು ಬರೆದು, ಎಷ್ಟು ನಿಮಿಷ ಎಂಬುದನ್ನೂ ಪಕ್ಕದಲ್ಲೇ ಹಾಕಿ.

ಪ್ರಶ್ನೆ ಕೇಳಿದವರು:
ತುಂಡುಗೆರೆ, ಎರಡು ನಿಮಿಷ. ‘ಹಾಸಿಗೆ ಹಿಡಿದವರು’, ‘ದೂರನಿಗಾ’, ‘ಸದ್ದು ತಡೆಹಿಡಿ’ ಎಂದು ಕಳುಹಿಸುತ್ತಿದ್ದೇನೆ.

ಉತ್ತರ 2 ಬರೆದವರು:
ಕಳುಹಿಸಿ. ಮುಂದಿನ ಬಾರಿ ಪದ ಕೇಳುವ ಬದಲು ನೇರವಾಗಿ ಪಾರಸಿ ನಿಘಂಟನ್ನೇ ತೆರೆಯಿರಿ.